ಬಾಗಿಲ ಮೇಲಿನ ಖಾಲಿ ಪೆಟ್ಟಿಗೆ

ನಮ್ಮ ಊರಿನ ಕಂಪ್ಯೂಟರ್ ಆಟಕ್ಕೆ ಸ್ಕ್ರಿಪ್ಟ್ ಬರೆಯುವವಳು ನಾನು. ಹೆಸರು ಕಾಶೀಬಾಯಿ, ಊರವರ ಬಾಯಲ್ಲಿ ಕಾಶಕ್ಕ. ನನ್ನಷ್ಟು ಚೆನ್ನಾಗಿ ಪರದೆಯ ಮೇಲೆ ಒತ್ತುವ ಗುಂಡಿ ಕೂರಿಸುವವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಕೂರಿಸುವವರೇ ಇನ್ನೊಬ್ಬರಿಲ್ಲ ಎಂದು ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರ ಮನೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ನಾನು ಬರೆದ ಸಾಲುಗಳಿಂದಲೇ.

ಆಟ ಇರುವುದು ಹಳೆಯ ಟಾಕೀಸಿನಲ್ಲಿ. ದೊಡ್ಡ ಪರದೆಯ ಮೇಲೆ ನಮ್ಮ ಊರೇ ಇದೆ: ಓಣಿಗಳು, ಮನೆಗಳು, ಬಾವಿಕಟ್ಟೆ, ಬಸ್ ನಿಲ್ದಾಣ, ಮತ್ತು ನಮ್ಮ ಒಬ್ಬೊಬ್ಬರ ಹೆಸರಿನ ಗೊಂಬೆ. ನಾವು ಸುಮ್ಮನೆ ತಿರುಗಾಡುವಾಗ ಗೊಂಬೆಗಳು ನಮ್ಮಂತೆ ತಿರುಗಾಡುತ್ತವೆ. ಪರದೆಯ ಮುಂದಿನ ಕೀಲಿಮಣೆಯ ಹತ್ತಿರ ಕೂತು ಕೀಲಿ ಒತ್ತಿದಾಗ ಮಾತ್ರ ವ್ಯವಹಾರ ತಿರುಗುಮುರುಗು. ಆಗ ಗೊಂಬೆ ಏನು ಮಾಡುತ್ತದೋ ಅದನ್ನೇ ನಾವು ಮಾಡಬೇಕು, ಅಲ್ಲಿ ಏನು ಬದಲಾಗುತ್ತದೋ ಅದು ಊರಲ್ಲೂ ಬದಲಾಗಿರುತ್ತದೆ. ಆದ್ದರಿಂದ ಸಣ್ಣಪುಟ್ಟದ್ದಕ್ಕೆಲ್ಲ ಯಾರೂ ಪರದೆಯ ಮುಂದೆ ಬಂದು ಕೂರುವುದಿಲ್ಲ. ದೊಡ್ಡ ಮಾತಿದ್ದಾಗ ಮಾತ್ರ ಬರುತ್ತಾರೆ, ಅದೂ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು.

ಅಂಥ ದೊಡ್ಡ ಮಾತುಗಳಲ್ಲಿ ಒಂದು, 'ವರ್ಷದ ಮಾತು'. ಮನೆಯಲ್ಲಿ ಯಾರಾದರೂ ತೀರಿಕೊಂಡು ವರ್ಷ ತುಂಬಿದ ಮೇಲೆ, ಉಳಿದವರು ಬಂದು ತಮ್ಮ ನಡುವಿನ ನಂಟಿನ ಬಗ್ಗೆ ಒಂದು ಗುಂಡಿ ಒತ್ತಬೇಕು. ಗುಂಡಿಗಳು ಎರಡು, 'ಇರಲಿ' ಮತ್ತು 'ಹೋಗಲಿ'. ಎರಡನ್ನೂ ಮಾಡಿದವಳು ನಾನೇ, ದುಂಡಗೆ, ಅಂಚಿಗೆ ಬಂಗಾರದ ಗೆರೆ ಹಾಕಿ. 'ಇರಲಿ' ಎಂದು ಒತ್ತಿದವರು ಹಗಲೆಲ್ಲ ಎಲ್ಲಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಕಾಲು ತಾನಾಗಿ ಅವರನ್ನು ಅದೇ ಹೊಸ್ತಿಲಿಗೆ ಕರೆತರುತ್ತದೆ. ಇಬ್ಬರಲ್ಲಿ ಒಬ್ಬರು 'ಹೋಗಲಿ' ಎಂದು ಒತ್ತಿದರೂ ಸಾಕು, ಮನೆ ಬಿಟ್ಟವರಿಗೆ ಆ ಬಾಗಿಲು ಮತ್ತೆ ಸಿಗುವುದಿಲ್ಲ. ಗುರುತಿನ ಓಣಿಯಲ್ಲೇ ನಡೆದರೂ, ಗುರುತಿನ ಬೇವಿನ ಮರವನ್ನೇ ಬಳಸಿದರೂ, ಕೊನೆಗೆ ಬಂದು ನಿಲ್ಲುವುದು ಬಸ್ ನಿಲ್ದಾಣದಲ್ಲಿ.

ಜನ ಇದಕ್ಕೆ ಹೊಂದಿಕೊಂಡಿದ್ದರು. ಬಸ್ ನಿಲ್ದಾಣದಲ್ಲಿ ಬಸ್ಸಿಗಿಂತ ಬೆಂಚು ಹೆಚ್ಚು. ಅಣ್ಣನ ಮನೆ ಬಿಟ್ಟ ತಮ್ಮ ಒಂದು ಬೆಂಚಿನ ಮೇಲೆ ಅಣ್ಣನ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ. ಇನ್ನೊಂದರ ಮೇಲೆ ಅಕ್ಕತಂಗಿಯರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾರೆ. ಅಲ್ಲಿ ಚಹಾ ಮಾರುವ ಚನಬಸು ಎಲ್ಲರ ಮನೆಯ ಸುದ್ದಿಯನ್ನೂ ಬಲ್ಲ. ಬೇಕಾದವರಿಗೆ ಚಹಾ, ಬೇಡದವರಿಗೆ ಬುದ್ಧಿಮಾತು ಕೊಡುತ್ತಾನೆ.

ಖಾನಾವಳಿಯ ನೀಲವ್ವ ಟಾಕೀಸಿನ ಮೆಟ್ಟಿಲು ಹತ್ತಿ ಮೇಲೆ ನನ್ನ ಕೋಣೆಗೆ ಬಂದದ್ದು ವರ್ಷದ ಮಾತಿಗೆ ಇನ್ನೂ ಕೆಲವು ವಾರ ಇರುವಾಗ. ಅವಳ ಗಂಡ ನಿಂಗರಾಜ ಕಾಮಾಲೆಯಿಂದ ತೀರಿಕೊಂಡಿದ್ದ. ಅಂದಿನಿಂದ ಅತ್ತೆ ತಿಪ್ಪವ್ವ ಮತ್ತು ಅವಳು ಇಬ್ಬರೇ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದರು. ತಿಪ್ಪವ್ವನ ಎಣ್ಣೆಗಾಯಿಗೆ ಊರೇ ಸೋಲುತ್ತಿತ್ತು, ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಒಂದು ರೊಟ್ಟಿ ಹೆಚ್ಚು ಕೇಳಿದರೆ ನಿಮ್ಮ ಮುತ್ತಜ್ಜನಿಂದ ಹಿಡಿದು ಬೈದು ಎರಡು ರೊಟ್ಟಿ ಹಾಕುತ್ತಿದ್ದಳು. ಆ ಬೈಗುಳ ಇಲ್ಲದೆ ಊಟ ರುಚಿಸುವುದಿಲ್ಲ ಎನ್ನುವವರನ್ನೂ ನಾನು ಬಲ್ಲೆ.

"ಕಾಶಕ್ಕ, ನಿಮ್ಮ ಎರಡು ಗುಂಡಿ ನನಗ ಸಾಲೂದಿಲ್ರೀ" ಅಂದಳು ನೀಲವ್ವ, ಕೂರುವ ಮೊದಲೇ.

ನನಗೆ ಸಿಟ್ಟು ಬಂತು. ಯಾರಾದರೂ ನನ್ನ ಗುಂಡಿಗಳ ಬಗ್ಗೆ ಮಾತಾಡಿದರೆ ಬರುತ್ತದೆ. "ಯಾಕ? ಊರಿಗೆಲ್ಲ ಸಾಕಾಗ್ಯಾವ, ನಿನಗೇನು ಕೊಂಬು ಬಂದಾವೇನು?" ಅಂದೆ.

ಅವಳು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. ಸ್ಟೋ ರಿಪೇರಿ ಮಾಡುವ ಮೌನೇಶ ಖಾನಾವಳಿಯ ಒಲೆ ಸರಿಮಾಡಲು ಬರುತ್ತಿದ್ದನಂತೆ. ಒಲೆ ಸರಿಯಾದ ಮೇಲೂ ಬರುತ್ತಿದ್ದನಂತೆ. ಈಗ ಮದುವೆಯಾಗೋಣ ಎಂದು ಕೇಳಿದ್ದಾನೆ, ಅವಳಿಗೂ ಮನಸ್ಸಿದೆ. ಇದಿಷ್ಟೂ ಊರಿಗೆಲ್ಲ ಗೊತ್ತಿತ್ತು. ತಿಪ್ಪವ್ವನ ಎದುರು ಮಾತ್ರ ಯಾರೂ ಬಾಯಿಬಿಟ್ಟಿರಲಿಲ್ಲ, ನೀಲವ್ವನೂ ಬಿಟ್ಟಿರಲಿಲ್ಲ.

"'ಇರಲಿ' ಅಂತ ಒತ್ತಿದ್ರ ಮೌನೇಶನ ಮನ್ಯಾಗ ಒಂದು ರಾತ್ರಿ ನಿಲ್ಲಾಕ ಆಗೂದಿಲ್ಲ. 'ಹೋಗಲಿ' ಅಂತ ಒತ್ತಿದ್ರ ಅತ್ತಿ ಮಾರಿ ನೋಡಾಕ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಅಕಿ ಮೊಣಕಾಲು ನಿಮಗ ಗೊತ್ತಲ್ರೀ, ಬಾವಿಕಟ್ಟಿ ತನಕನೂ ನಡ್ಯಾಕ ಆಗೂದಿಲ್ಲ. ಅಂದ್ರ ಇನ್ನ ಅಕೀನ ನೋಡೂದೇ ಇಲ್ಲ ಅಂದಂಗಾತು. ನನಗ ತಾಯಿ ಇಲ್ರೀ ಕಾಶಕ್ಕ. ಬೈದ್ರೂ ಬಡಿದ್ರೂ ಅಕೀನೇ."

"ಮತ್ತ ಏನ್ ಮಾಡಂತಿ? ಮೂರನೇ ಗುಂಡಿ ಮಾಡ್ಲೇನು?"

"ಮೂರು ಮಾಡಿದ್ರ ನಾಳೆ ಇನ್ನೊಬ್ಬಾಕಿ ಬಂದು ನಾಕನೇದು ಕೇಳ್ತಾಳ. ನನ್ನ ಮಾತು ನಾನೇ ಬರೀತೀನ್ರೀ. ಬರ್ಯಾಕ ಒಂದು ಖಾಲಿ ಜಾಗ ಮಾಡಿ ಕೊಡ್ರಿ."

ಅಕ್ಷರ ತುಂಬುವ ಪೆಟ್ಟಿಗೆ! ಆಟದ ಸ್ಕ್ರಿಪ್ಟಿನಲ್ಲಿ ಅದಕ್ಕೂ ದಾರಿ ಇದೆ ಎಂದು ನನಗೆ ಗೊತ್ತಿತ್ತು, ಆದರೆ ಯಾವತ್ತೂ ಮಾಡಿರಲಿಲ್ಲ. ಗುಂಡಿ ಸಾಧು ಪ್ರಾಣಿ. ಒತ್ತಿದರೆ ಒಂದೇ ಮಾತು ಹೇಳುತ್ತದೆ, ನಾನು ಹೇಳಿಕೊಟ್ಟದ್ದನ್ನೇ ಹೇಳುತ್ತದೆ. ಖಾಲಿ ಪೆಟ್ಟಿಗೆಯಲ್ಲಿ ಯಾರು ಏನು ತುಂಬುತ್ತಾರೋ ಯಾರಿಗೆ ಗೊತ್ತು? ಆದರೆ ಅವಳೆದುರು ಬರುವುದಿಲ್ಲ ಎಂದು ಹೇಳುವ ಪೈಕಿ ನಾನಲ್ಲ. "ಪೆಟ್ಟಿಗಿ ಏನ್ ದೊಡ್ಡದು? ನಾಳೆ ಮುಂಜಾನಿಗೆ ಬಾ" ಅಂದೆ.

ಪೆಟ್ಟಿಗೆ ಮಾಡುವುದಕ್ಕೆ ಏನೇನು ಬೇಕು ಎಂದರೆ, ಪರದೆಯ ಮೇಲೆ ಎಲ್ಲಿ ಕೂರಬೇಕು ಎಂದು ಹೇಳಬೇಕು, ಎಷ್ಟು ಅಗಲ ಎಷ್ಟು ಎತ್ತರ ಎಂದು ಹೇಳಬೇಕು, ಬರೆದು ಮುಗಿಸಿ ದೊಡ್ಡ ಕೀಲಿ ಒತ್ತಿದಾಗ ಆ ಮಾತನ್ನು ಯಾರಿಗೆ ಮುಟ್ಟಿಸಬೇಕು ಎಂದು ಹೇಳಬೇಕು. ಕೆಲವೇ ಸಾಲು. ಬೆಳಗಾಗುವ ಮೊದಲೇ ಬರೆದು ಮುಗಿಸಿ, ಪರೀಕ್ಷೆಗೆಂದು ಚನಬಸುವನ್ನು ಕರೆಸಿದೆ. ದೊಡ್ಡ ಮಾತೇನೂ ಬೇಡ, ಅವನ ಅಂಗಡಿಯ ಬೋರ್ಡನ್ನು ಬದಲಿಸೋಣ ಎಂದು ಅವನ ಅಂಗಡಿಯ ಮೇಲೆಯೇ ಪೆಟ್ಟಿಗೆ ಇಟ್ಟಿದ್ದೆ. 'ಬಿಸಿ ಚಹಾ' ಎಂದು ಬರೆ ಅಂದೆ.

ಅವನು ಮೊದಲ ಕೀಲಿ ಒತ್ತಿದ. ಪೆಟ್ಟಿಗೆಯಲ್ಲಿ 'ಬಿ' ಮೂಡಿತು, ಚನಬಸು ಎದ್ದು ಎಡಕ್ಕೆ ಒಂದು ಹೆಜ್ಜೆ ಇಟ್ಟ. ಎರಡನೆಯ ಕೀಲಿಗೆ 'ಸಿ' ಮೂಡಿತು, ಅವನು ಇನ್ನೊಂದು ಹೆಜ್ಜೆ ಇಟ್ಟ. ಆಗ ನನಗೆ ಹೊಳೆಯಿತು. ಗೊಂಬೆಯನ್ನು ನಡೆಸುವುದೂ ಅವೇ ಕೀಲಿಗಳು! ಬೇಡ, ನಿಲ್ಲು ಎಂದು ನಾನು ಮೇಲಿನಿಂದ ಕೂಗುತ್ತಿದ್ದರೂ ಆ ಪುಣ್ಯಾತ್ಮ ಕೀಲಿಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು, ತಂತಿ ಎಳೆದುಕೊಂಡು, ಬರೆಯುತ್ತ ನಡೆಯುತ್ತ ಗೋಡೆಗೆ ಹೋಗಿ ಮುಟ್ಟಿದ. 'ಹಾ' ಅಕ್ಷರಕ್ಕೆ ಗೋಡೆಯ ಎದುರಿಗೇ ಮೂರು ಸಲ ಜಿಗಿದ.

"ಏನಕ್ಕ ಇದು, ಬರ್ಯಾಕ ಹೇಳಿದ್ಯೋ ಕುಣ್ಯಾಕ ಹೇಳಿದ್ಯೋ?" ಎಂದು ಏದುಸಿರು ಬಿಡುತ್ತ ಕೇಳಿದ.

ಪೆಟ್ಟಿಗೆ ತೆರೆದಿರುವಷ್ಟು ಹೊತ್ತು ಕೀಲಿಗಳು ಕಾಲಿಗೆ ಸಂಬಂಧಪಡಬಾರದು ಎಂದು ಇನ್ನೊಂದು ಸಾಲು ಸೇರಿಸಿದೆ. ಇಂಥ ತಪ್ಪು ಮೊದಲ ಸಲ ಕೆಲಸ ಮಾಡುವವರಿಂದ ಆಗುವುದೇ. ಏನೂ ಮಾಡದವರಿಂದ ಯಾವ ತಪ್ಪೂ ಆಗುವುದಿಲ್ಲ.

ಎರಡನೆಯ ಸಲ, ಜನ ಖಾಲಿ ಜಾಗ ನೋಡಿ ಗಾಬರಿಯಾಗಬಾರದು ಎಂದು ಪೆಟ್ಟಿಗೆಯ ಒಳಗೆ ಬೂದಿ ಬಣ್ಣದಲ್ಲಿ 'ನಿಮ್ಮ ಮಾತು ಇಲ್ಲಿ' ಎಂದು ಮಸುಕಾಗಿ ಬರೆದಿಟ್ಟೆ. ಬರೆಯಲು ತೊಡಗಿದ ಕೂಡಲೇ ಅದು ಮಾಯವಾಗಬೇಕು. ಚನಬಸು ಈ ಸಲ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಏನೂ ಬರೆಯದೆ, ಹೆದರಿಕೆಯಲ್ಲಿ ನೇರವಾಗಿ ದೊಡ್ಡ ಕೀಲಿಯನ್ನೇ ಒತ್ತಿಬಿಟ್ಟ. ನಾವು ಹೋಗಿ ನೋಡುವಷ್ಟರಲ್ಲಿ ಅವನ ಅಂಗಡಿಯ ಮೇಲೆ 'ನಿಮ್ಮ ಮಾತು ಇಲ್ಲಿ' ಎಂಬ ಬೋರ್ಡು ಬಂದು ಕೂತಿತ್ತು. ಬಸ್ ನಿಲ್ದಾಣದ ಜನರಿಗೆ ಅದು ಎಷ್ಟು ಹಿಡಿಸಿತೆಂದರೆ ಚನಬಸು ಬದಲಾಯಿಸಲು ಒಪ್ಪಲಿಲ್ಲ. ಅಂದೇ ಬನ್ ಕೂಡ ಇಡಲು ಶುರುಮಾಡಿದ. ಏನೂ ಬರೆಯದೆ ಒತ್ತಿದರೆ ಪೆಟ್ಟಿಗೆ ಆ ಮಾತನ್ನು ಒಪ್ಪಬಾರದು ಎಂದು ನಾನು ಮತ್ತೊಂದು ಸಾಲು ಸೇರಿಸಿದೆ.

ಆಮೇಲೆ ನೀಲವ್ವನ ಸರದಿ. ಪೆಟ್ಟಿಗೆಯನ್ನು ಪರದೆಯಲ್ಲಿ ಅವಳ ಮನೆಯ ಬಾಗಿಲ ಮೇಲೆ ಇಟ್ಟೆ. ಅವಳ ಮಾತು ಉದ್ದವಿತ್ತು: ನಾನು ಮೌನೇಶನನ್ನು ಮದುವೆಯಾಗುತ್ತೇನೆ, ಅವನ ಮನೆಯಲ್ಲೇ ಇರುತ್ತೇನೆ, ಆದರೆ ಅತ್ತೆಯ ಮನೆಯ ದಾರಿ ನನಗೆ ತಪ್ಪಬಾರದು, ಖಾನಾವಳಿಯ ಕೆಲಸಕ್ಕೆ ದಿನಾ ಬರುತ್ತೇನೆ, ಇತ್ಯಾದಿ. ನೋಡೋಣವೆಂದು ದೊಡ್ಡ ಕೀಲಿ ಒತ್ತದೆ ಬರೀ ಬರೆದು ನೋಡಿದಳು. ಅಕ್ಷರಗಳು ಪೆಟ್ಟಿಗೆ ತುಂಬಿ, ಅಂಚು ದಾಟಿ, ಪಕ್ಕದ ಮನೆಗಳ ಮೇಲೆಲ್ಲ ಹರಿದವು. ಸ್ವಲ್ಪ ಹೊತ್ತಿಗೇ ಗಾಣದ ಓಣಿಯ ಜನ ಟಾಕೀಸಿನ ಬಾಗಿಲಿಗೆ ಬಂದು ಗಲಾಟೆ ಮಾಡಿದರು. ಮಟಮಟ ಮಧ್ಯಾಹ್ನ ಅವರ ಮನೆಗಳ ಮೇಲೆ ಕತ್ತಲು ಕವಿದಿತ್ತಂತೆ, 'ದಿನಾ ಬರುತ್ತೇನೆ' ಎಂಬುದು ನೆರಳಾಗಿ ಅವರ ಅಂಗಳದಲ್ಲಿ ಬಿದ್ದಿತ್ತಂತೆ. ಒಬ್ಬಾಕೆಯ ಸಂಡಿಗೆ ಒಣಗಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ.

ಹಾಗಾಗಿ ಪೆಟ್ಟಿಗೆಗೆ ಒಂದು ಮಿತಿ ಹಾಕಿದೆ, ಬಾಗಿಲ ಚೌಕಟ್ಟಿನ ಅಗಲಕ್ಕೆ ಎಷ್ಟು ಅಕ್ಷರ ಹಿಡಿಯುತ್ತವೋ ಅಷ್ಟೇ. ಅಲ್ಲಿಗೆ ಮುಟ್ಟಿದ ಮೇಲೆ ಎಷ್ಟು ಕುಟ್ಟಿದರೂ ಇನ್ನೊಂದು ಅಕ್ಷರ ಮೂಡುವುದಿಲ್ಲ.

"ಇಷ್ಟರಾಗ ನನ್ನ ಬಾಳ್ವಿ ಹೆಂಗ ಹಿಡಿಸೂದ್ರೀ?" ಎಂದು ನೀಲವ್ವ ಅಳುವಂತಾದಳು.

"ಗುಂಡಿಯೊಳಗ ಹಿಡಿಯೂದಿಲ್ಲ ಅಂದಿ, ಪೆಟ್ಟಿಗಿ ಕೊಟ್ಟೆ. ಇನ್ನ ಪೆಟ್ಟಿಗಿಯೊಳಗ ಹಿಡಿಯೂದಿಲ್ಲ ಅಂದ್ರ ಗೋದಾಮು ಕಟ್ಟಿಸಲೇನು? ಕೂಡು, ಕತ್ತರಿಸೋಣು."

ಇಬ್ಬರೂ ಕೂತು ಕತ್ತರಿಸಿದೆವು. ಮೌನೇಶನ ಹೆಸರು ಹೋಯಿತು, ಖಾನಾವಳಿ ಹೋಯಿತು, 'ಆದರೆ' ಹೋಯಿತು. ಕೊನೆಗೆ ಉಳಿದದ್ದು 'ಮದುವಿನೂ ಬೇಕು ಅತ್ತಿನೂ ಬೇಕು'. ಅಳತೆ ಮಾಡಿಸಿದ ರವಿಕೆಯಂತೆ ಪೆಟ್ಟಿಗೆಯಲ್ಲಿ ಸರಿಯಾಗಿ ಕೂತಿತು. ಅವಳು ಅದನ್ನು ಬಾಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಮನೆಗೆ ಹೋದಳು. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವರ್ಷದ ಮಾತಿನ ದಿನ ಬೆಳಿಗ್ಗೆ ಟಾಕೀಸು ತುಂಬಿತ್ತು. ಖಾನಾವಳಿಗೆ ಬೀಗ ಬಿದ್ದರೆ ಊರಿನ ಅರ್ಧ ಜನರ ಹೊಟ್ಟೆಗೂ ಬೀಗವೇ, ಆದ್ದರಿಂದ ಬಾರದವರು ಕಡಿಮೆ. ಮೌನೇಶ ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ತಿಪ್ಪವ್ವನನ್ನು ಎತ್ತಿನ ಗಾಡಿಯಲ್ಲಿ ಕರೆತಂದಿದ್ದರು. ನೀಲವ್ವ ಅವಳ ಕೈ ಹಿಡಿದು ಇಳಿಸಿ, ಮೆಲ್ಲಗೆ ನಡೆಸಿಕೊಂಡು ಬಂದು, ಕೀಲಿಮಣೆಯ ಮುಂದೆ ಕೂರಿಸಿದಳು. ಮೊದಲ ಮಾತು ಯಾವಾಗಲೂ ಹಿರಿಯರದು.

ನಾನು ಮೇಲಿನ ಕೋಣೆಯಿಂದ ಪರದೆಯ ಮೇಲೆ ಅವರ ಮನೆಯ ಬಾಗಿಲನ್ನು ತೆರೆದೆ. ಬಾಗಿಲ ಮೇಲೆ ಗುಂಡಿಗಳಿರಲಿಲ್ಲ, ಪೆಟ್ಟಿಗೆ ಇತ್ತು. ತಿಪ್ಪವ್ವನಿಗೆ ಗುಂಡಿ, ನೀಲವ್ವನಿಗೆ ಪೆಟ್ಟಿಗೆ ಎಂದು ನಾನು ಲೆಕ್ಕ ಹಾಕಿದ್ದೆ. ಮಾಡಿದ್ದೇನೆಂದರೆ, ಪೆಟ್ಟಿಗೆಯನ್ನು ನೀಲವ್ವನ ಗೊಂಬೆಗೆ ಕಟ್ಟುವ ಬದಲು ಬಾಗಿಲಿಗೆ ಕಟ್ಟಿದ್ದೆ. ಬಾಗಿಲ ಮುಂದೆ ಯಾರು ನಿಂತರೂ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒಮ್ಮೆ ತೆರೆದದ್ದನ್ನು ನಡುವೆ ಮುಚ್ಚಿದರೆ ಆ ಮನೆಗೆ ಬಾಗಿಲೇ ಇಲ್ಲವಾಗುತ್ತದೆ. ಆಟದಲ್ಲಿ ಅದೊಂದು ಕಟ್ಟುಪಾಡು. ಈಗ ಏನೂ ಮಾಡುವ ಹಾಗಿರಲಿಲ್ಲ. ಊರಿನ ಅತಿ ಉದ್ದದ ನಾಲಿಗೆಯ ಮುಂದೆ ನಾನು ಊರಿನ ಮೊದಲ ಖಾಲಿ ಪೆಟ್ಟಿಗೆಯನ್ನು ಇಟ್ಟಿದ್ದೆ. ಗುಂಡಿಯಾದರೆ 'ಹೋಗಲಿ' ಎಂಬುದಕ್ಕಿಂತ ಕೆಟ್ಟದ್ದನ್ನು ಹೇಳಲು ಅವಳಿಗೆ ಆಗುತ್ತಿರಲಿಲ್ಲ. ಈಗ ಏನು ಬೇಕಾದರೂ ಬರೆಯಬಹುದಿತ್ತು, ಬರೆದದ್ದು ನಿಜವಾಗುತ್ತಿತ್ತು.

"ಎಲ್ಲಿ ಗುಂಡಿ?" ತಿಪ್ಪವ್ವ ಕಣ್ಣು ಕಿರಿದು ಮಾಡಿ ಪರದೆ ನೋಡಿದಳು. "ಏನಿದು ಬರಿದಾಗೇತಿ? ಏ ಕಾಶಿ, ನಿದ್ದಿ ಮಾಡಾಕತ್ತೀಯೇನು ಮ್ಯಾಲೆ?"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಬೇಕೆಂದೇ ಮಾಡಿದವಳಂತೆ ಹೇಳಿದೆ. "ಈ ಸಲ ಗುಂಡಿ ಇಲ್ಲ ತಿಪ್ಪಕ್ಕ. ನಿಮಗ ಏನ್ ಅನಸ್ತೈತಿ ಅದನ್ನ ಬರೀರಿ. ಬಾಗಲಾ ಎಷ್ಟು ಅಗಲ ಐತಿ ಅಷ್ಟು."

"ನನಗ ಅನಸೂದು ಬರ್ಯಾಕ ಊರ ಅಗಸಿ ಬಾಗಲಾ ಬೇಕವಾ!" ಅಂದಳು. ಜನ ನಕ್ಕರು. ನೀಲವ್ವ ನಗಲಿಲ್ಲ.

ಖಾನಾವಳಿಯ ಕರಿಹಲಗೆಯ ಮೇಲೆ ದಿನದ ಪಲ್ಯದ ಹೆಸರನ್ನು ತಿಪ್ಪವ್ವನೇ ಬರೆಯುತ್ತಿದ್ದಳು, ಹಾಗಾಗಿ ಅಕ್ಷರಕ್ಕೆ ಅಂಜುವವಳಲ್ಲ. ಒಂದೇ ಬೆರಳಿನಿಂದ ಕೀಲಿ ಹುಡುಕಿ ಹುಡುಕಿ ಒತ್ತತೊಡಗಿದಳು. ಒಂದೊಂದು ಅಕ್ಷರವೂ ಪರದೆಯ ಮೇಲೆ ಆಳೆತ್ತರ ಮೂಡುತ್ತಿತ್ತು, ಇಡೀ ಟಾಕೀಸು ಅದನ್ನು ಕೂಡಿಸಿ ಓದುತ್ತಿತ್ತು.

'ನನ್ನ ಮಗ' ಎಂದು ಬರೆದಳು. ಮೂಗು ಒರೆಸಿಕೊಂಡು ಅಳಿಸಿದಳು. ನಿಂಗರಾಜ ನನ್ನ ಟಾಕೀಸಿನ ಮೆಟ್ಟಿಲ ಮೇಲೆ ಆಡಿ ಬೆಳೆದವನು.

ಮತ್ತೆ ಬರೆದಳು. 'ಉಂಡ ಮನಿಗೆ' ಎಂದಾಗ ಜನ ಗುಸುಗುಸು ಎಂದರು. 'ಎರಡು' ಎಂದಾಗ ಎಲ್ಲರಿಗೂ ಮುಂದಿನದು ತಿಳಿದುಹೋಯಿತು. ತಿಪ್ಪವ್ವನಿಗೆ ಎಲ್ಲವೂ ಗೊತ್ತಿತ್ತು! ಮೌನೇಶನ ಒಲೆಯ ರಿಪೇರಿ, ಸಂಜೆಯ ಮಾತು, ಮುಚ್ಚಿಟ್ಟ ಮದುವೆ, ಎಲ್ಲವೂ. ಉಂಡ ಮನೆಗೆ ಎರಡು ಬಗೆಯುವವಳು ಎಂದು ಪರದೆಯ ಮೇಲೆ ಬಿದ್ದರೆ ನೀಲವ್ವ ಸಾಯುವ ತನಕ ಅದೇ ಆಗಿರಬೇಕು. ಅವಳ ಕೈಯ ಅನ್ನವನ್ನು ಯಾರೂ ನಂಬುವುದಿಲ್ಲ, ಅವಳ ಮಾತನ್ನು ಮೌನೇಶನೂ ನಂಬುವುದಿಲ್ಲ. ನೀಲವ್ವ ಕಂಬ ಹಿಡಿದು ನಿಂತಳು. ನಾನು ದೇವರನ್ನು ನೆನೆಯುವವಳಲ್ಲ, ಅವತ್ತು ನೆನೆದೆ.

'ಬಗೆಯು' ಎಂಬಲ್ಲಿಗೆ ಬಂದು ಅಕ್ಷರ ನಿಂತವು. ತಿಪ್ಪವ್ವ ಮುಂದಿನ ಕೀಲಿ ಒತ್ತಿದಳು, ಏನೂ ಮೂಡಲಿಲ್ಲ. ಕುಟ್ಟಿದಳು, ಮೂಡಲಿಲ್ಲ. ಕೀಲಿಮಣೆಯನ್ನು ಎತ್ತಿ ಅಲುಗಾಡಿಸಿದಳು.

"ಇದರಾಗ ಹಿಡಿಯೂದಿಲ್ಲಲ್ಲ!" ಎಂದು ಕೂಗಿದಳು. "ಏ ಕಾಶಿ! ಇನ್ನ ಸ್ವಲ್ಪ ಅಗಲ ಮಾಡ!"

"ಆಗೂದಿಲ್ಲ ತಿಪ್ಪಕ್ಕ" ಅಂದೆ. ಇದನ್ನು ಮಾತ್ರ ಪೂರ್ತಿ ಧೈರ್ಯದಿಂದ ಹೇಳಿದೆ. ಆಗುತ್ತಿದ್ದರೂ ಮಾಡುತ್ತಿರಲಿಲ್ಲ. "ಅಳಸಿ ಬ್ಯಾರೆ ಬರೀರಿ. ಇದ್ದಷ್ಟರಾಗ ಹಿಡಿಯೂದು ಬರೀರಿ."

ತಿಪ್ಪವ್ವ ಅಳಿಸತೊಡಗಿದಳು. ಒಂದೊಂದೇ ಅಕ್ಷರ ಹಿಂದಕ್ಕೆ ಹೋಯಿತು. ಅಳಿಸುವುದು ಬರೆಯುವುದಕ್ಕಿಂತ ನಿಧಾನ, ಅವಳಿಗೆ ಆ ಕೀಲಿ ಪ್ರತಿ ಸಲವೂ ಹೊಸದಾಗಿ ಹುಡುಕಬೇಕಾಗುತ್ತಿತ್ತು. ಪೆಟ್ಟಿಗೆ ಖಾಲಿಯಾದ ಮೇಲೆ ಅವಳು ಬೆರಳನ್ನು ಮಡಿಲಲ್ಲಿಟ್ಟುಕೊಂಡು, ತಿರುಗಿ ನೀಲವ್ವನ ಕಡೆ ನೋಡಿದಳು.

"ಮುಂಜಾನಿಂದ ಏನರ ತಿಂದೀಯೇನು?" ಎಂದು ಕೇಳಿದಳು.

ನೀಲವ್ವ ಇಲ್ಲವೆಂದು ತಲೆಯಾಡಿಸಿದಳು.

"ನನಗ ಹೇಳಬೇಕಿತ್ತು ನೀ. ಊರ ಮಂದಿ ನಾಷ್ಟಾ ತಿನಕೋತ ಮಾತಾಡೂದು ನನ್ನ ಕಿವಿಗೆ ಬೀಳೂದಿಲ್ಲೇನು? ನಾಕ ತಿಂಗಳಾತು, ಇವತ್ತ ಹೇಳ್ತಾಳ ನಾಳೆ ಹೇಳ್ತಾಳ ಅಂತ ಕಾಯಾಕತ್ತೀನಿ."

"ಅಂಜಿದ್ನಿ ಅತ್ತಿ."

"ಯಾಕ?"

"ಹೋಗು ಅಂತೀರಿ ಅಂತ."

ತಿಪ್ಪವ್ವ ಪರದೆಯ ಕಡೆ ತಿರುಗಿ, ಮತ್ತೆ ಅದೇ ಒಂದು ಬೆರಳಿನಿಂದ ಕೀಲಿ ಹುಡುಕಿ ಒತ್ತಿದಳು. 'ಹೋಗಿ' ಎಂದು ಮೂಡಿತು. ಹಿಂದಿನ ಸಾಲಿನಲ್ಲಿ ಮೌನೇಶ ಎದ್ದು ನಿಂತದ್ದು ಕಾಣಿಸಿತು. ಅವಳು ಇನ್ನೊಂದು ಅಕ್ಷರ ಹುಡುಕಿದಳು, ಎರಡು ಸಲ ತಪ್ಪಿ, ಅಳಿಸಿ, ಮೂರನೆಯ ಸಲಕ್ಕೆ ಸರಿಯಾಗಿ ಒತ್ತಿದಳು.

'ಹೋಗಿ ಬಾ'.

ದೊಡ್ಡ ಕೀಲಿ ಒತ್ತಿ, ಕುರ್ಚಿಯ ಹಿಡಿಕೆ ಹಿಡಿದು ಕಷ್ಟಪಟ್ಟು ಎದ್ದಳು. "ಕೂಡು, ನಿಂದು ಬರಿ" ಎಂದು ನೀಲವ್ವನಿಗೆ ಜಾಗ ಬಿಟ್ಟುಕೊಟ್ಟಳು.

ನೀಲವ್ವ ಕೂತಳು. ಇಷ್ಟು ದಿನ ಬಾಯಿಪಾಠ ಮಾಡಿದ್ದ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ, ಅದನ್ನಂತೂ ಬರೆಯಲಿಲ್ಲ. ಕಣ್ಣು ಮಂಜಾಗಿ ಕೀಲಿ ಕಾಣದೆ ಎರಡು ಸಲ ತಡವರಿಸಿ, 'ಬರ್ತೀನಿ ಅತ್ತಿ' ಎಂದು ಬರೆದು ಒತ್ತಿದಳು. ನಾನು ಮೇಲೆ ಕೋಣೆಯಲ್ಲಿ ಒಬ್ಬಳೇ ಇದ್ದೆ, ಮನಸಾರೆ ಅತ್ತುಬಿಟ್ಟೆ. ಊರಿನ ಪ್ರತಿ ಹೊಸ್ತಿಲಲ್ಲೂ ದಿನಾ ಬೆಳಗಾದರೆ ಜನ ಆಡುವ ಮಾತು! ಎಷ್ಟೋ ವರ್ಷದಿಂದ ಗುಂಡಿ ಮಾಡುತ್ತಿರುವ ನನ್ನ ತಲೆಗೆ ಅದೊಂದು ಹೊಳೆದಿರಲಿಲ್ಲ.

ಮದುವೆ ಮುಂದಿನ ಸೋಮವಾರವೇ ಆಯಿತು. ಊಟ ಖಾನಾವಳಿಯದೇ, ಬೈಗುಳವೂ ಅಲ್ಲಿಯದೇ. ಸಂಜೆ ನೀಲವ್ವ ಕುಂಬಾರ ಓಣಿಯ ಮೌನೇಶನ ಮನೆಗೆ ಹೋದಳು. ದೀಪ ಹಚ್ಚುವ ಹೊತ್ತು ಕಳೆದರೂ ಅವಳ ಕಾಲು ಅವಳನ್ನು ಎಳೆದು ತರಲಿಲ್ಲ. ಮಾತಿನ ಮೊದಲ ಅರ್ಧವನ್ನು ಊರು ಒಪ್ಪಿಕೊಂಡಿತ್ತು. ಉಳಿದರ್ಧವನ್ನು ಒಪ್ಪಿತೋ ಇಲ್ಲವೋ ಎಂದು ತಿಳಿಯಬೇಕಾದದ್ದು ಮರುದಿನ. ಗುಂಡಿಗಳು ಹೇಳಿದ್ದನ್ನಷ್ಟೇ ಕೇಳಿ ಗೊತ್ತಿರುವ ಊರು ಇದು. 'ಹೋಗಿ' ಎಂಬಷ್ಟನ್ನೇ ಕೇಳಿಸಿಕೊಂಡು ಕಿವಿ ಮುಚ್ಚಿಕೊಂಡಿದ್ದರೆ?

ಮರುದಿನ ಬೆಳಿಗ್ಗೆ ನಾನು ಖಾನಾವಳಿಯ ಮುಂದೆ ಹೋಗಿ ನಿಂತೆ. ಪೆಟ್ಟಿಗೆಯ ಬಗ್ಗೆ ನನಗೆ ಸಂಶಯವಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಯಾವತ್ತೂ ಸಂಶಯವಿಲ್ಲ. ಆದರೂ ಹೋದೆ. ಬಸ್ ನಿಲ್ದಾಣದಲ್ಲಿ ಚನಬಸು ಒಲೆ ಹಚ್ಚುವುದನ್ನು ಬಿಟ್ಟು ದಾರಿ ನೋಡುತ್ತ ನಿಂತಿದ್ದಾನೆ, ನೀಲವ್ವ ಅಲ್ಲಿಗೆ ಬರಬಾರದೆಂದು ಹರಕೆ ಹೊತ್ತಿದ್ದಾನೆ ಎಂದು ಹಾಲಿನವನು ಹೇಳಿ ಹೋದ. ತಿಪ್ಪವ್ವ ಹೊಸ್ತಿಲ ಮೇಲೆ ಮಣೆ ಹಾಕಿಕೊಂಡು ಕೂತಿದ್ದಳು. ಮುಂದೆ ಮೊರದಲ್ಲಿ ಜೋಳ. ಆರಿಸುತ್ತಿರುವಂತೆ ಬೆರಳಾಡಿಸುತ್ತಿದ್ದಳು, ಕಣ್ಣು ಮಾತ್ರ ಓಣಿಯ ತಿರುವಿನಲ್ಲೇ ಇತ್ತು.

"ಏನ್ ತಿಪ್ಪಕ್ಕ, ಕಾಯಾಕತ್ತೀರೇನು?" ಅಂದೆ.

"ಯಾರನ್ನ ಕಾಯಲಿ? ಬಿಸಲ ಕಾಯಿಸ್ಕೊಳ್ಳಾಕತ್ತೀನಿ" ಅಂದಳು. ಅವಳು ಕೂತ ಜಾಗದಲ್ಲಿ ಬಿಸಿಲು ಇನ್ನೂ ಬಂದಿರಲಿಲ್ಲ.

ಹೊತ್ತು ಏರಿತು. ಊಟಕ್ಕೆ ಬರುವ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಒಳಗೆ ಹೋಗದೆ, ನಮ್ಮ ಹಿಂದೆ ಗೋಡೆಗೆ ಆತು ನಿಂತರು. ಬೇವಿನ ಮರದ ತಿರುವಿನಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ತಿಪ್ಪವ್ವ ಅರ್ಧ ಎದ್ದಳು. ಅವಳು ಬೇರೆ ಯಾರೋ, ಕೊಡ ಹೊತ್ತು ಬಾವಿಗೆ ಹೋದಳು. ತಿಪ್ಪವ್ವ ಮತ್ತೆ ಕೂತು, ಆರಿಸಿದ ಜೋಳವನ್ನೇ ಮತ್ತೆ ಆರಿಸತೊಡಗಿದಳು. ಅದನ್ನು ಕಂಡು ನಾನು ಜೀವನದಲ್ಲಿ ಮೊದಲ ಸಲ ನನ್ನ ಸ್ಕ್ರಿಪ್ಟಿನ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ತಿರುಗಿ ಓದಿದೆ.

ತಿರುವಿನಲ್ಲಿ ಮೊದಲು ಕಾಣಿಸಿದ್ದು ಹಸಿರು ಸೀರೆ. ಆಮೇಲೆ ನೀಲವ್ವ. ಅವಳು ಓಡುತ್ತಿರಲಿಲ್ಲ. ಒಂದೊಂದು ಹೆಜ್ಜೆಯನ್ನೂ ನೆಲ ಸಿಗುತ್ತದೋ ಇಲ್ಲವೋ ಎಂಬಂತೆ ನೋಡಿ ಇಡುತ್ತಿದ್ದಳು. ಬೇವಿನ ಮರ ದಾಟಿದಳು, ಓಣಿ ಬಸ್ ನಿಲ್ದಾಣದ ಕಡೆ ಸರಿಯಲಿಲ್ಲ. ಮಾಳಿಗೆ ಮನೆ ದಾಟಿದಳು, ಸರಿಯಲಿಲ್ಲ. ಹೊಸ್ತಿಲ ಮುಂದೆ ಬಂದು, ನಂಬಿಕೆಯಾಗದೆ, ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿದಳು.

ತಿಪ್ಪವ್ವ ಮೊರವನ್ನು ಅವಳ ಕೈಗೆ ಕೊಟ್ಟು, ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು.

"ಗಿರಾಕಿ ಬಂದು ನಿಂತಾರ, ಇನ್ನ ಒಲಿ ಹಚ್ಚಿಲ್ಲ" ಅಂದಳು. "ಮೊದಲ ನೀ ಉಣ್ಣು ನಡಿ."